ರಜೆ ಕೊಟ್ಟವರು ನೀವು, ಭಾನುವಾರ ಹೋದದ್ದು ನಮ್ಮದು

ಸಂಪಾದಕರಿಗೆ,

‘ಮಳೆ ರಜೆ ಸರಿದೂಗಿಸಲು ಭಾನುವಾರ ತರಗತಿ: ಉತ್ತಮ ಸ್ಪಂದನೆ’ ಎಂಬ ನಿಮ್ಮ ಸೋಮವಾರದ ಸುದ್ದಿ ಓದಿದೆ. ಸ್ಪಂದಿಸಿದವರು ಯಾರು ಮಾರಾಯ್ರೇ? ನಮ್ಮ ತಾಲೂಕಿನವರಂತೂ ಅಲ್ಲ.

ಆದೇಶ ನಮ್ಮ ಮೊಬೈಲಿಗೆ ಬಿದ್ದದ್ದು ಶನಿವಾರ ರಾತ್ರಿ ಒಂಬತ್ತೂವರೆಗೆ. ಮೊದಲು ನಾನು ನಂಬಲಿಲ್ಲ. ಮಳೆಗಾಲದಲ್ಲಿ ಹಳೇ ಆದೇಶದ ದಿನಾಂಕ ತಿದ್ದಿ ಹರಿಬಿಡುವವರು ಎಷ್ಟು ಜನ ಇಲ್ಲ! ಟೀಚರಿಗೆ ಫೋನ್ ಮಾಡಿದರೆ, ‘ನಿಜ ಅಂತೆ, ನಮಗೂ ಈಗಷ್ಟೇ ಬಂತು’ ಎಂದರು. ಅವರದ್ದೂ ಪಾಪ. ಮರುದಿನ ನನ್ನ ತಂಗಿಯ ಸೀಮಂತ. ಎರಡು ತಿಂಗಳ ಹಿಂದೆಯೇ ಗೊತ್ತಾದ ದಿನ. ಬ್ಯಾಗ್ ಕಟ್ಟಿ ಬಾಗಿಲ ಬದಿಯಲ್ಲಿ ಇಟ್ಟಿದ್ದೆ. ‘ಹಾಜರಿ ಕಡ್ಡಾಯ’ ಎಂದು ಬರೆದಿದ್ದರಿಂದ ಬ್ಯಾಗ್ ಅಲ್ಲೇ ಉಳಿಯಿತು. ತಂಗಿ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಬೆಳಿಗ್ಗೆ ವ್ಯಾನ್ ಬರಲಿಲ್ಲ. ನಾವು ಪೋಷಕರು ಸೇರಿ ಗೊತ್ತು ಮಾಡಿದ ವ್ಯಾನ್ ಅದು. ಡ್ರೈವರಿಗೂ ವಾರಕ್ಕೊಂದು ರಜೆ ಬೇಡವೇ? ನಮ್ಮ ರೂಟಿನ ಬಸ್ಸಿಗೆ ಭಾನುವಾರ ಎಂಟರ ಟ್ರಿಪ್ಪೇ ಇಲ್ಲ. ಕೊನೆಗೆ ಆಟೋ. ಭಾನುವಾರ ಎಂದು 150 ರೂಪಾಯಿ ತೆಗೆದುಕೊಂಡರು, ವಾಪಸ್ಸಿಗೆ ಮತ್ತೆ ಅಷ್ಟೇ. ಇನ್ನು ಮಳೆ. ರೆಡ್ ಅಲರ್ಟ್ ಎಂದು ರಜೆ ಕೊಟ್ಟ ಬುಧವಾರ ನಾನು ಅಂಗಳದಲ್ಲಿ ಮೂರು ಬೆಡ್‌ಶೀಟ್ ಒಣಗಿಸಿದ್ದೆ. ಆ ರಜೆಯ ಬದಲಿಗೆ ಶಾಲೆ ಇಟ್ಟ ಭಾನುವಾರ, ಕೊಡೆ ಹಿಡಿದರೂ ಮಕ್ಕಳ ಬೆನ್ನಿನ ಚೀಲ ತೊಯ್ದು ನೀರು ಇಳಿಯುವಂಥ ಮಳೆ!

ಶಾಲೆಯಲ್ಲಿ ನಡೆದದ್ದು ಇನ್ನೂ ಚೆಂದ. ಮಗಳ ಆರನೇ ಕ್ಲಾಸಿನ 38 ಮಕ್ಕಳಲ್ಲಿ ಬಂದವರು 11. ಮಗನ ಮೂರನೇ ಕ್ಲಾಸಿನಲ್ಲಿ ಅದಕ್ಕಿಂತ ಕಡಿಮೆ. ಅರ್ಧ ಶಿಕ್ಷಕರು ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತುವ ಕೆಲಸದಲ್ಲಿದ್ದರಂತೆ. ಹಾಗಾಗಿ ಮೂರು ಕ್ಲಾಸುಗಳನ್ನು ಒಂದೇ ಹಾಲಿನಲ್ಲಿ ಕೂರಿಸಿ ‘ಮಳೆಗಾಲ’ ಎಂದು ಪ್ರಬಂಧ ಬರೆಸಿದರು. ಅಡುಗೆಯವರಿಗೆ ಯಾರೂ ತಿಳಿಸಿರಲಿಲ್ಲ, ಬಿಸಿಯೂಟ ಇಲ್ಲ. ಹನ್ನೊಂದೂವರೆಗೆ ಮಕ್ಕಳನ್ನು ಮನೆಗೆ ಕಳಿಸಿದರು. ನಾನು ಆಗಷ್ಟೇ ಮನೆ ತಲುಪಿ ಒದ್ದೆ ಸೀರೆ ಬದಲಿಸಿದ್ದೆ. ಪುಸ್ತಕದಲ್ಲಿ ಮಾತ್ರ ಪೂರ್ತಿ ಒಂದು ದಿನ ತುಂಬಿತು.

ಕೇಳಿದರೆ ಕಾನೂನು ತೋರಿಸುತ್ತಾರೆ. ನನಗೂ ಓದಲು ಬರುತ್ತದೆ ಸ್ವಾಮಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ಆಗಬೇಕು ಎಂದಿದೆ. ಅಂದರೆ ನನ್ನ ಮಗನಿಗೆ ಒಂದು ಲೆಕ್ಕ, ಮಗಳಿಗೆ ಇನ್ನೊಂದು. ಆದರೆ ಇಬ್ಬರಿಗೂ ಒಂದೇ ಭಾನುವಾರ! ಅದೇ ಕಾಯ್ದೆಯಲ್ಲಿ 800 ಗಂಟೆ, 1000 ಗಂಟೆ ಎಂಬ ಲೆಕ್ಕವೂ ಇದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ ಯಾಕೆ? ಮೂರು ಕ್ಲಾಸು ಸೇರಿಸಿ ಬರೆಸಿದ ಪ್ರಬಂಧ ಎಷ್ಟು ಗಂಟೆಯ ಪಾಠ? ಹೇಗೂ ಶನಿವಾರ ಅರ್ಧ ದಿನ ಶಾಲೆ ಇದ್ದೇ ಇದೆ. ಮಕ್ಕಳು ಅಲ್ಲೇ ಇರುತ್ತಾರೆ, ಅಡುಗೆಯವರೂ ಇರುತ್ತಾರೆ. ಮಧ್ಯಾಹ್ನ ಎರಡು ಗಂಟೆ ಜಾಸ್ತಿ ಕೂರಿಸಿದ್ದರೆ ಆಗುತ್ತಿರಲಿಲ್ಲವೇ?

ಮಳೆಗೆ ರಜೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. 2022ರಲ್ಲಿ ಬೈಂದೂರು ಕಡೆ ಶಾಲೆ ಮುಗಿಸಿ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ (ನಡೆದು ದಾಟುವ ಪುಟ್ಟ ಸೇತುವೆ) ನೀರಿಗೆ ಬಿದ್ದು ಹೋದದ್ದು ನಾವ್ಯಾರೂ ಮರೆತಿಲ್ಲ. ನಮ್ಮ ಮನೆಯ ಕೆಳಗಿನ ತೋಡಿಗೂ ಅಂಥದ್ದೇ ಸಂಕ. ಎರಡು ಅಡಿಕೆ ಮರ, ಒಂದು ಬದಿಗೆ ಹಗ್ಗ. ಇನ್ನೊಂದು ಬದಿಗೂ ಏನಾದರೂ ಕಟ್ಟಿಸಿ ಎಂದು ಮೂರು ಸಲ ಅರ್ಜಿ ಕೊಟ್ಟೆ. ಮೊದಲ ಸಲ ‘ಅನುದಾನ ಬಂದಿಲ್ಲ’. ಎರಡನೇ ಸಲ ‘ಫೋಟೋ ಬೇಕು’. ಮೂರನೇ ಸಲ ಫೋಟೋ ಕೊಟ್ಟರೆ, ‘ಇದರಲ್ಲಿ ನೀರೇ ಕಾಣಿಸುವುದಿಲ್ಲವಲ್ಲ’ ಎಂದರು. ಏಪ್ರಿಲ್‌ನಲ್ಲಿ ತೆಗೆದ ಫೋಟೋ, ನೀರು ಎಲ್ಲಿಂದ ಬರಬೇಕು? ಸಂಕ ಕಟ್ಟಿಸುವುದಕ್ಕಿಂತ ರಜೆ ಕೊಡುವುದು ಸುಲಭ. ಒಂದು ಸಹಿ ಸಾಕು ನೋಡಿ.

ಆ ಸಹಿಯಾದರೂ ಹೊತ್ತಿಗೆ ಸರಿಯಾಗಿ ಬೀಳುತ್ತದೆಯೇ? ಜುಲೈನಲ್ಲಿ ಒಂದು ದಿನ ರಜೆಯ ಸುದ್ದಿ ಬಂದದ್ದು ಬೆಳಿಗ್ಗೆ ಎಂಟು ಹತ್ತಕ್ಕೆ. ಅಷ್ಟು ಹೊತ್ತಿಗೆ ನನ್ನ ಮಕ್ಕಳು ವ್ಯಾನಿನಲ್ಲಿ ಅರ್ಧ ದಾರಿ ದಾಟಿದ್ದರು. ಘಟ್ಟದ ಬುಡದಲ್ಲಿ ಹೊಳೆ ತುಂಬಿದರೆ ಕಡಲ ಬದಿಯ ಶಾಲೆಗೂ ರಜೆ. ಇಲ್ಲಿ ಕೊಚ್ಚಿಕೊಂಡು ಹೋಗುವಾಗ ಎಲ್ಲರೂ ಸುಮ್ಮನೆ. ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಮಳೆ ಬರುತ್ತದೆ ಎಂಬುದು ನಮ್ಮ ಅಜ್ಜಿಗೂ ಗೊತ್ತಿತ್ತು. ವರ್ಷದ ವೇಳಾಪಟ್ಟಿ ಮಾಡುವಾಗಲೇ ಕರಾವಳಿಗೆ ಎಂಟು ಹತ್ತು ದಿನ ತೆಗೆದಿಡಬಾರದೇ? ಪ್ರತಿ ವರ್ಷವೂ ಮೊದಲ ಸಲ ಮಳೆ ಕಂಡವರ ಹಾಗೆ ಗಡಿಬಿಡಿ.

ತಮ್ಮ ಕೆಲಸಕ್ಕಾದರೆ ಶಾಲೆಯ ದಿನಗಳ ಚಿಂತೆ ಇವರಿಗೆ ಇರುವುದಿಲ್ಲ. 2025ರಲ್ಲಿ ಶಿಕ್ಷಕರನ್ನು ಹಚ್ಚಿದ್ದ ಜಾತಿ ಸಮೀಕ್ಷೆ ಮುಗಿಯಲಿಲ್ಲ ಎಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಆಮೇಲೆ ಹೆಚ್ಚುವರಿ ಕ್ಲಾಸು ಮಾಡಿ ಸರಿಮಾಡಿ ಎಂದು ಶಿಕ್ಷಕರ ತಲೆಗೇ ಕಟ್ಟಿದರು. ರಜೆ ಕೊಡುವವರು ಒಬ್ಬರು, ತೀರಿಸುವವರು ಇನ್ನೊಬ್ಬರು. ಬ್ಯಾಂಕಿನಲ್ಲಿ ಹೀಗೆ ಸಾಲ ಕೊಟ್ಟರೆ ನಾನೂ ತೆಗೆದುಕೊಳ್ಳುತ್ತಿದ್ದೆ.

ಈಗ ಬರುವ ಭಾನುವಾರವೂ ಕ್ಲಾಸು ಇದೆ ಎಂದು ಗುಸುಗುಸು. ಸಂಬಂಧಪಟ್ಟವರು ದಯವಿಟ್ಟು ಏನಾದರೊಂದು ಮಾಡಬೇಕು. ಭಾನುವಾರ ಬಿಡಿ, ಇಲ್ಲವೇ ಪೂರ್ತಿ ದಿನ ಊಟ ಹಾಕಿ ಸರಿಯಾಗಿ ಪಾಠ ಮಾಡಿ. ಎರಡೂ ಆಗುವುದಿಲ್ಲ ಎಂದಾದರೆ ಆದೇಶಕ್ಕೆ ಸಹಿ ಹಾಕಿದವರು ತಮ್ಮ ಕಚೇರಿಯನ್ನೂ ಭಾನುವಾರ ತೆರೆದಿಡಲಿ. ನನ್ನದೊಂದು ಆದಾಯ ಪ್ರಮಾಣಪತ್ರ ಜೂನ್‌ನಿಂದ ಅಲ್ಲೇ ಬಿದ್ದಿದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ತೆಗೆದುಕೊಂಡು ಹೋಗುತ್ತೇನೆ.

– ಇಬ್ಬರು ಮಕ್ಕಳ ತಾಯಿ