ಸಂಜೆಯ ಒಂದು ಬಸ್ಸು ಬೇಕು

ಮಾನ್ಯರೆ,

ಮಲ್ಪೆಯಿಂದ ಉಡುಪಿ, ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವ 169ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಸ್ಸಿಗೆ ಬರವಿಲ್ಲ. ಹೆದ್ದಾರಿಯಲ್ಲಿ ಇಳಿದು ಒಳಗಿನ ನಮ್ಮ ಗ್ರಾಮಕ್ಕೆ ಹೋಗುವವರ ಪಾಡೇ ಬೇರೆ. ಸಂಜೆಯ ಟ್ರಿಪ್ ಕೊರೊನಾ ಸಮಯದಲ್ಲಿ ನಿಂತಿತು, ಮತ್ತೆ ಶುರುವಾಗಲೇ ಇಲ್ಲ.

ಕೇಳಿದರೆ ‘ಅಲ್ಲಿ ಜನ ಇಲ್ಲ’ ಎನ್ನುತ್ತಾರೆ. ನಮ್ಮ ಕಡೆ ಮನೆಗಳು ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಇರುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡೆಯಾಚೆ ಇನ್ನೊಂದು. ರಸ್ತೆಯಲ್ಲಿ ನಿಂತವರಿಗೆ ಜನ ಕಾಣುವುದಿಲ್ಲ, ಅಷ್ಟೇ. ಲೆಕ್ಕ ಹಾಕುವುದಕ್ಕೂ 2011ರ ಜನಗಣತಿಯೇ ಗತಿ. 2021ರದ್ದು ಮುಂದೆ ಹೋಯಿತಲ್ವಾ? ಆ 2011ರ ಲೆಕ್ಕದಲ್ಲೇ ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರು. ದುಡಿಯುವ ಹುಡುಗರು ಬೆಂಗಳೂರು, ಮುಂಬೈ ಸೇರಿದ್ದಾರೆ. ಊರಲ್ಲಿ ಉಳಿದವರು ಹೆಚ್ಚಾಗಿ ಹೆಂಗಸರು, ಮಕ್ಕಳು, ವಯಸ್ಸಾದವರು. ಬಸ್ಸು ಜಾಸ್ತಿ ಬೇಕಾದದ್ದು ಇವರಿಗೇ.

2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡುವ ಶಕ್ತಿ ಯೋಜನೆ ಬಂದಾಗ ತುಂಬಾ ಖುಷಿಪಟ್ಟೆವು. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮಲ್ಲಿಗೆ ಬರುವ ಒಂದೇ ಒಂದು ಬಸ್ಸು ಖಾಸಗಿಯದ್ದು.

ಕಳೆದ ಮಳೆಗಾಲದಲ್ಲಿ ನೆರೆಮನೆಯ ಹುಡುಗಿ ಕಾಲೇಜು ಮುಗಿಸಿ, ಬ್ಯಾಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಮೊಬೈಲ್ ಬೆಳಕಿನಲ್ಲಿ ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ದಾಟುತ್ತಿದ್ದಳು. ಅವಳಮ್ಮ ಕೊಡೆ ಹಿಡಿದು ಈಚೆ ದಡದಲ್ಲಿ ದಿನಾ ಕಾಯುತ್ತಿದ್ದರು. ರಿಕ್ಷಾಕ್ಕೆ ದಿನವೂ ಕೊಡುವಷ್ಟು ದುಡ್ಡು ಆ ಮನೆಯಲ್ಲಿ ಇಲ್ಲ.

ಐದೂವರೆಗೆ ಹೆಬ್ರಿಯಿಂದ ಹೊರಡುವ ಒಂದು ಸರ್ಕಾರಿ ಬಸ್ಸು ಕೊಡಿ. ಮುಂದಿನ ಮಳೆಗಾಲಕ್ಕೆ ಮೊದಲೇ ಕೊಡಿ ಎಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಹೆಬ್ರಿ ತಾಲ್ಲೂಕು, ಉಡುಪಿ ಜಿಲ್ಲೆ