ಹಳೇ ವಿಎಂಗಳನ್ನು ಸಾಗಿಸುವ ಮುನ್ನ ಒಮ್ಮೆ ವಿಚಾರಿಸಿ

ಮಾನ್ಯ ಸಂಪಾದಕರೇ,

2023ರ ನವೆಂಬರ್‌ನಲ್ಲಿ, ವರ್ಚುವಲ್ ಸರ್ವರ್ ನಡೆಸುವ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಕಂಪನಿ ಬ್ರಾಡ್‌ಕಾಮ್ ಕಂಪನಿಯ ಕೈಸೇರಿತು. ಮರುತಿಂಗಳೇ ಕಾಯಂ ಲೈಸೆನ್ಸ್ ಮಾರುವುದು ನಿಂತಿತು. ಅಂದಿನಿಂದ ವರ್ಚುವಲ್ ಸರ್ವರ್‌ಗಳನ್ನು (ವಿಎಂ, ಅಂದರೆ ಒಂದು ಯಂತ್ರದೊಳಗೆ ಸಾಫ್ಟ್‌ವೇರ್ ಸೃಷ್ಟಿಸುವ ಕಂಪ್ಯೂಟರ್‌ಗಳನ್ನು) ಬೇರೆ ಸಾಫ್ಟ್‌ವೇರ್‌ಗೆ ಸಾಗಿಸುವ ಕೆಲಸಕ್ಕೆ ನನ್ನಂಥ ಹಳಬರನ್ನೂ ಕರೆಯುತ್ತಿದ್ದಾರೆ. ಹುಬ್ಬಳ್ಳಿಯ ಸರ್ವರ್ ರೂಮುಗಳಲ್ಲೇ ನನ್ನ ನೌಕರಿ ಕಳೆದಿದೆ. ಈಗ ಕಣ್ಣಾರೆ ಕಾಣುತ್ತಿರುವ ಒಂದು ಅಪಾಯದ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಇತ್ತೀಚೆಗೆ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿನ ಲೆಕ್ಕಪತ್ರದ ವಿಎಂ ಒಳಗೆ ಹೋಗಿ ನೋಡಿದರೆ ಒಂದೇ ದೊಡ್ಡ ಇ ಡ್ರೈವ್. ವಿಎಂನ ಹಾರ್ಡ್ ಡಿಸ್ಕ್ ಹೊರಗಿನಿಂದ ಬರೀ ಒಂದು ಫೈಲ್; ಹಾಗೆ ನೋಡಿದರೆ ಅದೇ ಡ್ರೈವ್ ಮೂರು ಡಿಸ್ಕ್ ಫೈಲುಗಳಲ್ಲಿ ಹರಡಿಕೊಂಡಿತ್ತು. ಒಂದೊಂದೂ 256 ಜಿಬಿಗಿಂತ ತುಸು ಕಡಿಮೆ. ಮೂರನೆಯದರ ಹೆಸರು ಬೇರೆ ಥರ ಇತ್ತು, ಬೇರೆ ಡೇಟಾಸ್ಟೋರ್‌ನಲ್ಲಿತ್ತು (ಡಿಸ್ಕ್ ಫೈಲುಗಳನ್ನು ಇಡುವ ಜಾಗ). ಗುತ್ತಿಗೆಯ ಎಂಜಿನಿಯರ್ ಅದನ್ನು ಯಾವುದೋ ಹಳೇ ಕಸ ಅಂದುಕೊಂಡು ಬಿಟ್ಟು ಹೊರಟಿದ್ದರು. ಅಲ್ಲಿದ್ದ ಹಿರಿಯ ಆಪರೇಟರ್ ಒಬ್ಬರು 'ತಡೀರಿ ಸರ್, ಅದೂ ಬೇಕು' ಅಂದರು. ಹೀಗೆ ಜೋಡಿಸಿದ ಡ್ರೈವ್‌ನಲ್ಲಿ ಒಂದು ತುಂಡು ತಪ್ಪಿದರೂ ಇಡೀ ಡ್ರೈವ್ ತೆರೆಯುವುದಿಲ್ಲ.

ಯಾಕೆ ಹಾಗೆ ತುಂಡು ಮಾಡಿದ್ದರು? 2006ರಲ್ಲಿ ಬಂದ ವಿಎಂವೇರ್‌ನ ಇಎಸ್‌ಎಕ್ಸ್ 3 ಸಾಫ್ಟ್‌ವೇರ್‌ನ ಕಾಲದಲ್ಲಿ ಡೇಟಾಸ್ಟೋರ್ ಫಾರ್ಮ್ಯಾಟ್ ಮಾಡುವಾಗಲೇ ಬ್ಲಾಕ್ ಸೈಜ್, ಅಂದರೆ ಜಾಗವನ್ನು ಹಂಚುವ ತುಂಡಿನ ಅಳತೆ, ಆರಿಸಬೇಕಿತ್ತು. ಒಂದು ಫೈಲಿಗೆ ಸುಮಾರು 2.6 ಲಕ್ಷ ಬ್ಲಾಕ್‌ಗಳಷ್ಟೇ ಮಿತಿ. ಹಾಳೆಗಳ ಎಣಿಕೆ ಗಟ್ಟಿ ಮಾಡಿಟ್ಟ ಖಾತೆ ಪುಸ್ತಕದಂತೆ. ಜಾಸ್ತಿ ಬರೆಯಬೇಕಂದರೆ ಹಾಳೆಯೇ ದೊಡ್ಡದಿರಬೇಕು. ಬ್ಲಾಕ್ 1 ಎಂಬಿ ಇದ್ದರೆ ಡಿಸ್ಕ್ ಫೈಲ್ 256 ಜಿಬಿ ದಾಟುವಂತಿಲ್ಲ. 2 ಎಂಬಿಗೆ 512 ಜಿಬಿ, 4ಕ್ಕೆ 1 ಟಿಬಿ, 8ಕ್ಕೆ 2 ಟಿಬಿ. ಸುಮ್ನೆ ನೆಕ್ಸ್ಟ್ ಒತ್ತುತ್ತಾ ಹೋದರೆ ಸಿಗುತ್ತಿದ್ದದ್ದು 1 ಎಂಬಿ. ಆಮೇಲೆ ಬದಲಿಸಲು ದಾರಿಯೇ ಇರಲಿಲ್ಲ. ಎಲ್ಲ ವಿಎಂಗಳನ್ನೂ ಬೇರೆಡೆ ಇಟ್ಟು ಮತ್ತೆ ಫಾರ್ಮ್ಯಾಟ್ ಮಾಡಬೇಕು. ಬೇರೆಡೆ ಇಡಲು ಅಷ್ಟು ಜಾಗ ಯಾರ ಹತ್ತಿರ ಇತ್ತು? ಹಾಗಾಗಿ ಇನ್ನೊಂದು ಡಿಸ್ಕ್ ಫೈಲ್ ಸೇರಿಸಿ, ವಿಂಡೋಸ್ ಒಳಗೆ ಜೋಡಿಸಿ ಕೆಲಸ ಮುಂದುವರಿಸಿದರು. ಅಂದಿಗೆ ಅದು ಸರಿಯಾದ ಉಪಾಯವೇ. 2011ರಲ್ಲಿ ಡೇಟಾಸ್ಟೋರ್‌ನ ಹೊಸ ಫಾರ್ಮ್ಯಾಟ್ ವಿಎಂಎಫ್‌ಎಸ್ 5 ಬಂದ ಮೇಲೆ ಈ ಕಷ್ಟ ತಪ್ಪಿತು. ಆದರೆ ಆಗಲೇ ಜೋಡಿಸಿಟ್ಟಿದ್ದ ಡಿಸ್ಕ್‌ಗಳು ಹಾಗೇ ಉಳಿದವು.

ಇಂಥವು ಇನ್ನೂ ಇವೆ. ಇಎಸ್‌ಎಕ್ಸ್ 2ರಲ್ಲಿ ಒಂದು ವಿಎಂಗೆ ಹೆಚ್ಚೆಂದರೆ 2 ಪ್ರೊಸೆಸರ್, 3.6 ಜಿಬಿ ಮೆಮೊರಿ. ಮೈಕ್ರೋಸಾಫ್ಟ್‌ನ ವರ್ಚುವಲ್ ಸರ್ವರ್ 2005ರಲ್ಲಿ ಒಂದೇ ಪ್ರೊಸೆಸರ್, 64 ಬಿಟ್ ವಿಂಡೋಸ್ ಹಾಕುವಂತೆಯೇ ಇರಲಿಲ್ಲ. ಅದಕ್ಕೇ ಒಂದೇ ಅಪ್ಲಿಕೇಶನ್ ಅನ್ನು ಎರಡು ವಿಎಂಗಳಿಗೆ ಹಂಚುತ್ತಿದ್ದರು. ಒಂದರ ಐಪಿ ವಿಳಾಸ (ನೆಟ್‌ವರ್ಕ್ ವಿಳಾಸ) ಇನ್ನೊಂದರ ಒಳಗೆ ಬರೆದಿರುತ್ತಿತ್ತು; ಸಾಗಿಸುವಾಗ ಆ ವಿಳಾಸ ಬದಲಾದರೆ ಎರಡರ ಕೊಂಡಿ ಕಡಿಯುತ್ತದೆ. ಆಗಿನ ಬಸ್‌ಲಾಜಿಕ್ ಎಂಬ ಡಿಸ್ಕ್ ಕಂಟ್ರೋಲರ್ (ಡಿಸ್ಕ್‌ಗೂ ಕಂಪ್ಯೂಟರ್‌ಗೂ ನಡುವಿನ ಕೊಂಡಿ) ಇರುವ ವಿಎಂ ಅನ್ನು ಹೊಸ ಕಡೆ ಹಾಗೇ ತಂದರೆ, ಬೇಕಾದ ಡ್ರೈವರ್ ಇಲ್ಲದೆ ಬೂಟ್ ಆಗುವಾಗಲೇ ನೀಲಿ ಪರದೆ ಬರುತ್ತದೆ.

ಇದ್ಯಾವುದೂ ಈಗಿನ ಹುಡುಗರ ತಪ್ಪಲ್ಲ. ಅವರಿಗೆ ಹೇಳಿದವರೇ ಇಲ್ಲ, ಅಲ್ವಾ? ಟೆಂಡರ್‌ನಲ್ಲಿ 'ಸರ್ವರ್ ವರ್ಗಾವಣೆ' ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ.

ಕಚೇರಿ, ಕಾಲೇಜು, ಸೊಸೈಟಿಗಳ ಮುಖ್ಯಸ್ಥರಲ್ಲಿ ನನ್ನ ಕೋರಿಕೆ ಇಷ್ಟೇ. ಸಾಗಿಸುವ ಮೊದಲು ಪ್ರತಿ ವಿಎಂಗೂ ಒಂದು ಹಾಳೆ ಬರೆಸಿ. ಡಿಸ್ಕ್ ಫೈಲ್ ಎಷ್ಟು, ಯಾವುದಕ್ಕೆ ಯಾವುದು ಜೋಡಿ, ಕಂಟ್ರೋಲರ್ ಯಾವುದು, ಯಾವ ವಿಳಾಸ ಎಲ್ಲಿ ಬರೆದಿದೆ, ಯಾಕೆ ಹಾಗಿದೆ ಎಲ್ಲವೂ ಅದರಲ್ಲಿರಲಿ. ಬರೆಯುವಾಗ ಹಳೇ ಆಪರೇಟರ್ ಪಕ್ಕದಲ್ಲಿರಲಿ. ನಿವೃತ್ತರಾಗಿದ್ದರೆ ಫೋನ್ ಮಾಡಿ, ಖಂಡಿತ ಹೇಳುತ್ತಾರೆ. ಹೊಸ ಕಡೆ ಒಂದು ತಿಂಗಳ ಲೆಕ್ಕ ಪೂರ್ತಿ ಮುಗಿಯುವವರೆಗೂ ಹಳೇ ಡೇಟಾಸ್ಟೋರ್ ಅಳಿಸಬೇಡಿ. ಈ ಎರಡನ್ನೂ ಟೆಂಡರ್‌ನ ಷರತ್ತಾಗಿಯೇ ಸೇರಿಸಿ.

ಇಂತಿ,
ನಿವೃತ್ತ ಸಿಸ್ಟಂ ಅಡ್ಮಿನ್, ಹುಬ್ಬಳ್ಳಿ