ಸ್ಪೇಸ್ ಬಾರ್ ಒತ್ತಿದ್ದೇನೆ: ನಿಮ್ಮ ರಾಕೆಟ್ ಆಟದ ಬಗ್ಗೆ ಐದನೇ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ರಾಕೆಟ್ಟಿನ ಮೊದಲ ಹಂತ ಕಳಚಿಕೊಳ್ಳದೆ ಇರುವುದು, ಮತ್ತು ಆಗಸ್ಟ್ 12ರ ಫೋನ್ ಕರೆ

ಮಾನ್ಯರೇ,

ಹಿಂದಿನ ನಾಲ್ಕು ಇಮೇಲ್‌ಗಳಲ್ಲಿ ನಾನು 'ದಯವಿಟ್ಟು' ಅಂತ ಹನ್ನೊಂದು ಸಲ ಬರೆದಿದ್ದೇನೆ. ನಿನ್ನೆ ರಾತ್ರಿ ಕೂತು ಎಣಿಸಿದೆ. ಈ ಪತ್ರದಲ್ಲಿ ಆ ಪದದ ಖರ್ಚು ಇಷ್ಟಕ್ಕೇ ಮುಗಿಯಿತು.

ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. 26 ವರ್ಷವಾಯಿತು. ಜೂನ್‌ನಲ್ಲಿ ಕೈಯಿಂದ 1,299 ರೂಪಾಯಿ ಹಾಕಿ ನಿಮ್ಮ ಆಟ ಕೊಂಡೆ. ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನ. 2023ರಲ್ಲಿ ಚಂದ್ರಯಾನ-3 ಚಂದ್ರನ ಮೇಲೆ ಇಳಿದ ದಿನ ಅದು. ಅವತ್ತು ಪ್ರೊಜೆಕ್ಟರ್ ಹಾಕಿ, ರಾಕೆಟ್ ಹಂತ ಹಂತವಾಗಿ ಕಳಚಿಕೊಳ್ಳುತ್ತಾ ಮೇಲೆ ಹೋಗುವುದನ್ನು ಮಕ್ಕಳಿಗೆ ತೋರಿಸಬೇಕು ಅಂತಿದ್ದೆ. ಜೂನ್ ತಿಂಗಳಿಡೀ ಆಟ ಚೆನ್ನಾಗಿಯೇ ಇತ್ತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಜುಲೈ ಅಪ್‌ಡೇಟ್ ಬಂತು. ಅಲ್ಲಿಂದ ಶುರು. ಮೊದಲ ಹಂತದ ಇಂಧನ ಮುಗಿಯುತ್ತದೆ. ಸ್ಪೇಸ್ ಬಾರ್ ಒತ್ತುತ್ತೇನೆ. ಹಂತಗಳನ್ನು ಬೇರ್ಪಡಿಸುವ ಭಾಗ, ಅಂದರೆ ಡಿಕಪ್ಲರ್, 'ಟಪ್' ಅನ್ನುತ್ತದೆ, ಒಂದಿಷ್ಟು ಹೊಗೆ ಬರುತ್ತದೆ, ಪಕ್ಕದ ಪಟ್ಟಿಯಿಂದ ಆ ಹಂತ ಮಾಯವಾಗುತ್ತದೆ. ಖಾಲಿ ಟ್ಯಾಂಕು ಮಾತ್ರ ಅಲ್ಲೇ ಕೂತಿರುತ್ತದೆ, ಫೆವಿಕಾಲ್ ಹಾಕಿದ ಹಾಗೆ. ಒತ್ತುವ ಮೊದಲು 38.4 ಟನ್ ಇದ್ದ ತೂಕ ಒತ್ತಿದ ಮೇಲೂ 38.4 ಟನ್ನೇ. ಆಮೇಲೆ ಎರಡನೇ ಹಂತದ ಎಂಜಿನ್ ಹೊತ್ತಿಕೊಳ್ಳುತ್ತದೆ. ಅದರ ಬೆಂಕಿ ನೇರ ಕೆಳಗಿನ ಟ್ಯಾಂಕಿನ ನೆತ್ತಿಗೆ ಬಡಿಯುತ್ತದೆ. ಬಸ್ಸಿನೊಳಗೆ ನಿಂತು ಮುಂದಿನ ಸೀಟು ತಳ್ಳಿದರೆ ಬಸ್ಸು ಮುಂದೆ ಹೋಗುತ್ತಾ? ಹಾಗೇ ಇದೂ. ಇಂಧನ ಉರಿಯುತ್ತದೆ, ವೇಗ ಏರುವುದಿಲ್ಲ.

ನಿಮ್ಮ ಸಹಾಯ ಪುಟದಲ್ಲಿ ಇರುವುದನ್ನೆಲ್ಲ ಮಾಡಿದೆ, ಇಲ್ಲದ್ದನ್ನೂ ಮಾಡಿದೆ. ಎರಡು ಹಂತಗಳನ್ನು ಸೇರಿಸಿ ಕಟ್ಟಿದ್ದ ಆಸರೆ ಕಂಬಿಗಳನ್ನು ಕಿತ್ತೆ. ಡಿಕಪ್ಲರನ್ನು ತಲೆಕೆಳಗು ಮಾಡಿ ಕೂರಿಸಿದೆ. ತಳ್ಳುವ ಬಲವನ್ನು ಪೂರ್ತಿ ಏರಿಸಿದೆ. ಡಿಕಪ್ಲರ್ ಸಿಡಿಯುವುದನ್ನೂ ಮೇಲಿನ ಎಂಜಿನ್ ಹೊತ್ತುವುದನ್ನೂ ಬೇರೆ ಬೇರೆ ಮಾಡಿ, ನಡುವೆ ಮೂರು ಸೆಕೆಂಡು ಕಾದೆ. ಕೆಳಗಿನ ಹಂತಕ್ಕೆ ಚಿಕ್ಕ ಮೋಟಾರುಗಳನ್ನು ಕಟ್ಟಿ ಹಿಂದಕ್ಕೆ ಎಳೆಸಿ ನೋಡಿದೆ. ಇಡೀ ರಾಕೆಟ್ಟನ್ನೇ ಹಿಂದಕ್ಕೆ ಜಗ್ಗಿತು.

ಕೊನೆಗೆ ಎಲ್ಲ ಬಿಟ್ಟು ಮೂರೇ ಮೂರು ಭಾಗದ ರಾಕೆಟ್ ಮಾಡಿದೆ. ಒಂದು ಟ್ಯಾಂಕು, ಮೇಲೆ ಒಂದು ಡಿಕಪ್ಲರ್, ಅದರ ಮೇಲೆ ಒಂದು ಕ್ಯಾಪ್ಸೂಲ್. ಹಾರಿಸುವುದೂ ಬೇಡ, ನೆಲದ ಮೇಲೆ ನಿಲ್ಲಿಸಿಯೇ ಕಳಚುವುದು. 23 ಸಲ ನೋಡಿದೆ. ಸೀದಾ ಕಳಚಿದಾಗ 11ಕ್ಕೆ 11 ಸಲವೂ ಕಳಚಿತು. ಒಮ್ಮೆ ಸೇವ್ ಮಾಡಿ, ಆಟ ಮುಚ್ಚಿ, ಮತ್ತೆ ತೆರೆದು ಒತ್ತಿದಾಗ 12ಕ್ಕೆ 12 ಸಲವೂ ಕಳಚಲಿಲ್ಲ. ಅಲ್ಲಿಗೆ ತಪ್ಪು ನನ್ನ ರಾಕೆಟ್ಟಿನದಲ್ಲ. ಸೇವ್ ಆದದ್ದನ್ನು ಮತ್ತೆ ತೆರೆಯುವಾಗ ನಿಮ್ಮ ಆಟವೇ ಎಲ್ಲೋ ಎಡವುತ್ತಿದೆ. ಇದನ್ನು ನಿಮ್ಮ ಎಂಜಿನಿಯರುಗಳಿಗೆ ತಲುಪಿಸಿ ಅಂತಲೇ ನಾನು ಆಗಸ್ಟ್ 12ರಂದು ಫೋನ್ ಮಾಡಿದ್ದು.

ಆ ಕರೆಯನ್ನು ನೀವು ರೆಕಾರ್ಡ್ ಮಾಡಿಕೊಂಡಿದ್ದೀರಿ, 'ಸೇವೆಯ ಗುಣಮಟ್ಟಕ್ಕಾಗಿ'. ಕೇಳಿಸಿಕೊಂಡಿರಲಾರಿರಿ. ಹಾಗಾಗಿ ಬರೆಯುತ್ತೇನೆ. ನಾನು ಲ್ಯಾಬಿನಲ್ಲಿದ್ದೆ. ಎರಡೂ ಕೈ ಕೀಬೋರ್ಡ್ ಮೇಲಿದ್ದದ್ದರಿಂದ ಫೋನ್ ಸ್ಪೀಕರಿಗೆ ಹಾಕಿದ್ದೆ. ಸುತ್ತ 14 ಜನ ವಿದ್ಯಾರ್ಥಿಗಳಿದ್ದರು. ಕರೆ ತೆಗೆದುಕೊಂಡ ನಿಮ್ಮ ಹುಡುಗ ಶುರು ಮಾಡಿದ:

"ಸರ್, ಸ್ಪೇಸ್ ಬಾರ್ ಒತ್ತಿದ್ರಾ?"

"ಒತ್ತಿದೆ."

"ಎಷ್ಟು ಸಲ ಸರ್?"

"ಒಂದು ಸಲ. ಒಂದು ಸಲಕ್ಕೆ ಒಂದು ಹಂತ. ಎಂಜಿನ್ ಆಗಲೇ ಹೊತ್ತಿಕೊಂಡಿದೆ. ಇನ್ನೊಂದು ಸಲ ಒತ್ತಿದರೆ ಪ್ಯಾರಾಚೂಟ್ ಬಿಚ್ಚುತ್ತೆ."

"ಇನ್ನೊಂದ್ಸಲ ಒತ್ತಿ ಸರ್."

ಒತ್ತಿದೆ. 40 ಕಿ.ಮೀ. ಎತ್ತರದಲ್ಲಿ ಪ್ಯಾರಾಚೂಟ್ ಬಿಚ್ಚಿ, ಹರಿದು ಹೋಯಿತು. ಹಾಗಂತ ಹೇಳಿದೆ.

"ಸೂಪರ್ ಸರ್! ಅಂದ್ರೆ ಸ್ಪೇಸ್ ಬಾರ್ ಕೆಲಸ ಮಾಡ್ತಿದೆ."

ಹುಡುಗನ ದನಿಯಲ್ಲಿ ನಿಜವಾದ ಖುಷಿ ಇತ್ತು. ಆಮೇಲೆ ನೋಟ್‌ಪ್ಯಾಡ್ ತೆರೆಯಲು ಹೇಳಿದ. ನನ್ನ ಹೆಸರು, ಅಪ್ಪನ ಹೆಸರು, ನಡುವೆ ಜಾಗ ಬಿಟ್ಟು ಟೈಪ್ ಮಾಡಬೇಕಂತೆ. ಮಾಡಿದೆ. "ಜಾಗ ಬಂತಾ ಸರ್?" ಬಂತು ಅಂದೆ. "ಒಂದು ನಿಮಿಷ ಸರ್" ಅಂದ. 14 ನಿಮಿಷ ವೀಣೆ ಕೇಳಿದೆವು, ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ನಿಮಿಷದ ಲೆಕ್ಕದಲ್ಲಿ. ವಾಪಸ್ ಬಂದವನು ಸೀನಿಯರನ್ನು ಕೇಳಿಕೊಂಡು ಬಂದ ಪರಿಹಾರ ಹೇಳಿದ: "ರಾಕೆಟ್ಟನ್ನ ಒಂದೇ ಹಂತದ್ದು ಮಾಡ್ಕೊಳ್ಳಿ ಸರ್. ಕಳಚೋ ಪ್ರಾಬ್ಲಮ್ಮೇ ಬರಲ್ಲ."

ತಲೆನೋವಿಗೆ ಇಂಥದ್ದೇ ಔಷಧ ಒಂದಿದೆ, ಬರೆಯುವುದಿಲ್ಲ. ಕಕ್ಷೆ ಸೇರಲು ಸೆಕೆಂಡಿಗೆ 7.8 ಕಿ.ಮೀ.ನಷ್ಟು ವೇಗ ಬೇಕು. ಖಾಲಿ ಟ್ಯಾಂಕನ್ನು ಬೆನ್ನಿಗೆ ಕಟ್ಟಿಕೊಂಡು ಆ ವೇಗ ಮುಟ್ಟುವುದು ಕಷ್ಟ ಅಂತಲೇ ಇಸ್ರೋದ ರಾಕೆಟ್ ಪಿಎಸ್ಎಲ್‌ವಿಗೆ ನಾಲ್ಕು ಹಂತ ಇಟ್ಟಿದ್ದಾರೆ. ಇದನ್ನು ವಿವರಿಸಲು ಬಾಯಿ ತೆಗೆದೆ. ಆಗ ಆತ ಹೇಳಿದ ಮಾತು:

"ಸರ್, ಪಕ್ಕದಲ್ಲಿ ಮಕ್ಕಳು ಯಾರಾದ್ರೂ ಇದ್ರೆ ಅವರ ಕೈಗೆ ಫೋನ್ ಕೊಡಿ. ಅವರಿಗೆ ಬೇಗ ಅರ್ಥ ಆಗುತ್ತೆ."

ಮಕ್ಕಳು ಇದ್ದರು, ಹೇಳಿದೆನಲ್ಲ. ಅದರಲ್ಲಿ ಇಬ್ಬರ ಅಪ್ಪಂದಿರು ನಮ್ಮೂರಿನ ಇಸ್ರೋ ಕೇಂದ್ರ ಎಂಸಿಎಫ್‌ನಲ್ಲಿ ನಿಜವಾದ ಉಪಗ್ರಹಗಳನ್ನೇ ನೋಡಿಕೊಳ್ಳುವವರು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಮಾರನೇ ದಿನದಿಂದ ಕಾಲೇಜಿನಲ್ಲಿ ನನಗೆ 'ಸ್ಪೇಸ್ ಬಾರ್ ಮೇಷ್ಟ್ರು' ಅಂತ ಹೆಸರು ಬಿದ್ದಿದೆ. ಅಟೆಂಡರ್ ಕೂಡ ಹಾಗೇ ಅನ್ನುತ್ತಾನಂತೆ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮುಂದೆ ಇಟ್ಟ ಹಾಳೆಯಲ್ಲಿ ಇದ್ದದ್ದನ್ನು ಓದಿದ. ಹಾಳೆ ಬರೆದವರು ನೀವು.

ಆಮೇಲೆ ನಿಮ್ಮ ಇಮೇಲ್ ಬಂತು. 'ನಮ್ಮ ಆಟ ನೈಜತೆಗೆ ಹೆಸರಾದದ್ದು. ನಿಜವಾದ ರಾಕೆಟ್‌ಗಳಲ್ಲೂ ಹಂತಗಳು ಕೆಲವೊಮ್ಮೆ ಬೇರ್ಪಡುವುದಿಲ್ಲ.' ಹೌದು, ಗೊತ್ತು. 2017ರ ಆಗಸ್ಟ್ 31ರಂದು ಪಿಎಸ್ಎಲ್‌ವಿ-ಸಿ39ರ ಶಾಖ ಕವಚ ಕಳಚಲಿಲ್ಲ. ಉಪಗ್ರಹ ಒಳಗೇ ಸಿಕ್ಕಿಕೊಂಡಿತು. ಇಸ್ರೋದವರು ತಪ್ಪು ಹುಡುಕಿ, ಸರಿ ಮಾಡಿ, 2018ರ ಜನವರಿ 12ರಂದು ಮುಂದಿನದ್ದನ್ನು ಹಾರಿಸಿದರು. 2008ರ ಆಗಸ್ಟ್‌ನಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್-1 ರಾಕೆಟ್ಟಿಗೂ ಕಳಚುವಾಗಲೇ ತೊಂದರೆಯಾಯಿತು. ಎಂಜಿನ್ ಆರಿದ ಮೇಲೂ ಉಳಿದಿದ್ದ ಚೂರು ತಳ್ಳುವಿಕೆಯಿಂದ, ಕಳಚಿದ ಮೊದಲ ಹಂತ ಹಿಂದಿನಿಂದ ಬಂದು ಎರಡನೇ ಹಂತಕ್ಕೆ ಗುದ್ದಿತು. ಅವರು ಎಂಜಿನ್ ಆರಿಸುವುದಕ್ಕೂ ಹಂತ ಕಳಚುವುದಕ್ಕೂ ನಡುವೆ ಇನ್ನಷ್ಟು ಸೆಕೆಂಡು ಬಿಟ್ಟರು. ಎರಡು ತಿಂಗಳೊಳಗೆ, ಸೆಪ್ಟೆಂಬರ್ 28ಕ್ಕೆ, ಮುಂದಿನ ಫಾಲ್ಕನ್ ಕಕ್ಷೆ ಸೇರಿತು. ನನ್ನ ಮೊದಲ ಇಮೇಲ್ ಜುಲೈ 21ರದು. ಅವರು ನಿಜವಾದ ರಾಕೆಟ್ ರಿಪೇರಿ ಮಾಡಿದಷ್ಟು ಕಾಲದಲ್ಲಿ ನೀವು ನನ್ನ ದೂರಿನ ನಂಬರನ್ನು ಮೂರು ಸಲ ಬದಲಾಯಿಸಿದ್ದೀರಿ.

ಆಗಸ್ಟ್ 23ಕ್ಕೆ ಏನು ಮಾಡಿದೆ ಅಂತ ನೀವು ಕೇಳಲಿಲ್ಲ. ಥರ್ಮಾಕೋಲ್ ರಾಕೆಟ್ ಮಾಡಿ, ಕೈಯಲ್ಲೇ ಹಂತ ಕಿತ್ತು ತೋರಿಸಿದೆ. 60 ರೂಪಾಯಿ ಖರ್ಚು. ಮೊದಲ ಸಲಕ್ಕೇ ಕಳಚಿತು.

ಇಷ್ಟಕ್ಕೇ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಮೊನ್ನೆಯ ಅಪ್‌ಡೇಟ್‌ನಲ್ಲಿ 'ಹಂತಗಳು ಬೇರ್ಪಡುವ ಸಮಸ್ಯೆ ಬಗೆಹರಿಸಲಾಗಿದೆ' ಅಂತ ಬರೆದಿದ್ದೀರಿ. ಸೇವ್ ಮಾಡಿ, ಮುಚ್ಚಿ, ತೆರೆದೆ. ಟಪ್. ಹೊಗೆ. 38.4 ಟನ್. ಹೊಸದಾಗಿ ಬಂದಿರುವುದು ಗಗನಯಾತ್ರಿಗೆ ಬಣ್ಣದ ಟೋಪಿಗಳು, ಒಂದಕ್ಕೆ 149 ರೂಪಾಯಿ. ಅವತ್ತೇ ಸಂಜೆ ನಿಮ್ಮಿಂದ ಮೆಸೇಜ್ ಬಂತು: ದೂರು ಮುಕ್ತಾಯವಾಗಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?

ಹಣ ವಾಪಸ್ ಕೇಳಿದರೆ, ಎರಡು ಗಂಟೆಗಿಂತ ಜಾಸ್ತಿ ಆಡಿದರೆ ಕೊಡುವುದಿಲ್ಲ ಅನ್ನುವ ನಿಯಮ ತೋರಿಸುತ್ತೀರಿ. ನನ್ನ ಖಾತೆಯಲ್ಲಿ 61 ಗಂಟೆ ಆಗಿದೆಯಂತೆ. ಅದರಲ್ಲಿ 40 ಗಂಟೆಗಿಂತ ಜಾಸ್ತಿ ನಾನು ಆಡಿದ್ದಲ್ಲ, ನಿಮ್ಮ ತಪ್ಪು ಹುಡುಕಿದ್ದು. ಟ್ಯೂಷನ್ ದರ ಹಾಕಿದರೆ ನೀವೇ ನನಗೆ ಕೊಡಬೇಕಾದದ್ದು ಬಹಳ ಆಗುತ್ತದೆ. ಅದೇ ನಿಯಮದ ಮುಂದಿನ ಸಾಲು, ಘೋಷಿಸಿದ ಸೌಲಭ್ಯ ಕೆಲಸ ಮಾಡದಿದ್ದಾಗ ಏನು ಅನ್ನುವುದು, ನಿಮಗೆ ಬಾಯಿಪಾಠ ಇರಬೇಕು. ನಾನು ಮತ್ತೆ ಬರೆಯುವುದಿಲ್ಲ.

15 ದಿನ ಕಾಯುತ್ತೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಆಗಲೇ ಮಾಡಿದ್ದೇನೆ, ಅವರು ಸ್ಪೇಸ್ ಬಾರ್ ವಿಷಯ ಎತ್ತಲಿಲ್ಲ. ಆಮೇಲೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗ. ನೀವು ಬೆಂಗಳೂರಿನಲ್ಲಿದ್ದರೂ ನಾನು ಇರುವ ಊರಲ್ಲೇ ದೂರು ಕೊಡಬಹುದು ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಐದು ಲಕ್ಷದೊಳಗಿನ ವಹಿವಾಟಿಗೆ ಶುಲ್ಕವೂ ಇಲ್ಲ. ವಕೀಲರನ್ನು ಇಡುವುದಿಲ್ಲ, ನಾನೇ ವಾದಿಸುತ್ತೇನೆ. ಪಾಠ ಮಾಡಿ ಅಭ್ಯಾಸ ಇದೆ, ಗಂಟಲೂ ಗಟ್ಟಿಯಿದೆ. ನಿಮ್ಮ ವಕೀಲರು ಮಾತ್ರ 1,299 ರೂಪಾಯಿ ಉಳಿಸಲು ವಾಯಿದೆ ವಾಯಿದೆಗೂ ಹಾಸನದ ಬಸ್ಸು ಹತ್ತಬೇಕು. 23 ಪ್ರಯೋಗದ ವಿಡಿಯೋಗಳನ್ನೂ, ನೋಟ್‌ಬುಕ್ಕನ್ನೂ, ಆ 14 ಸಾಕ್ಷಿಗಳನ್ನೂ ಕರೆತರುತ್ತೇನೆ. ಲ್ಯಾಪ್‌ಟಾಪ್ ಅಧ್ಯಕ್ಷರ ಮುಂದೆ ಇಡುತ್ತೇನೆ. ಗುಂಡಿ ಅವರೇ ಒತ್ತಲಿ.

ಇತಿ,
ಭೌತಶಾಸ್ತ್ರ ಉಪನ್ಯಾಸಕ, ಹಾಸನ

ವಿ.ಸೂ.: ಈ ಪತ್ರದಲ್ಲಿ ಪದಗಳ ನಡುವೆ ಜಾಗ ಬಂದಿದೆ. ಅದೇ ಕೀಬೋರ್ಡ್.